ಅದಿತಿಯ ಶಾಲೆಯ ವಿಷಯವಾಗಿ ಅಪ್ಪಯ್ಯನಿಗೆ

ಬರ್ಮಿಂಗ್‌ಹ್ಯಾಮ್, ಇಂಗ್ಲೆಂಡ್

ತೀರ್ಥರೂಪು ಅಪ್ಪಯ್ಯನವರಿಗೆ ಸುಧೀಂದ್ರನ ಸಾಷ್ಟಾಂಗ ನಮಸ್ಕಾರಗಳು. ನಾವೆಲ್ಲ ಕ್ಷೇಮ. ನಿಮ್ಮ ಪತ್ರ ತಲುಪಿತು.

ಮಗಳು ಅದಿತಿಯನ್ನು ಇಲ್ಲಿನ ಖಾಸಗಿ ಶಾಲೆ ಬಿಡಿಸಿ ತೀರ್ಥಹಳ್ಳಿಗೆ ಕಳಿಸೆಂದು ಬರೆದಿದ್ದೀರಿ. ಜಯಂತಿ ಅತ್ತೆ ಫೋನಿನಲ್ಲಿ ಏನೇನು ಹೇಳಿದರೋ ತಿಳಿಯದು, ಆದ್ದರಿಂದ ನಡೆದದ್ದನ್ನು ನಾನೇ ತಿಳಿಸುತ್ತೇನೆ. ದೀಪಾವಳಿಗೆ ಅವಳ ಅಂಗೈಗೆ ಗೋರಂಟಿ ಹಚ್ಚಿದ್ದೆವು. ಮರುದಿನ ಊಟದ ಹೊತ್ತಿನಲ್ಲಿ ಒಬ್ಬ ಹುಡುಗ, ಈ ಬಣ್ಣದವರ ಕೈ ಎಷ್ಟು ತೊಳೆದರೂ ಹೊಲಸೇ ಎಂದು ತಟ್ಟೆ ಎತ್ತಿಕೊಂಡು ಬೇರೆ ಮೇಜಿಗೆ ಹೋದನಂತೆ. ಅವನ ಹಿಂದೆ ಇನ್ನಿಬ್ಬರು ಹೋದರಂತೆ. ಸಂಜೆ ಅವಳು ಪಾತ್ರೆ ಉಜ್ಜುವ ನಾರಿನಿಂದ ಅಂಗೈ ಕೆಂಪಾಗುವಷ್ಟು ತಿಕ್ಕುತ್ತ ನಿಂತಿದ್ದಾಗಲೇ ನಮಗೆ ವಿಷಯ ಗೊತ್ತಾದದ್ದು.

ತರಗತಿಯ ಶಿಕ್ಷಕಿ ಮೊದಲು ಇದನ್ನು ಮಕ್ಕಳಾಟವೆಂದರು. ಶುಲ್ಕದಿಂದಲೇ ನಡೆಯುವ ಶಾಲೆಗೆ ಹೆಸರು ಕೆಡುವ ಭಯ ದೊಡ್ಡದು. ಮಾತಿನಲ್ಲೇ ಮುಗಿದರೆ ಅವರಿಗೆ ಹಿತ. ಅದಕ್ಕಾಗಿಯೇ ನಾನು ಲಿಖಿತ ದೂರು ಕೊಟ್ಟೆ. ಇಲ್ಲಿನ ಖಾಸಗಿ ಶಾಲೆಗಳು ದೂರನ್ನು ಮೂರು ಹಂತಗಳಲ್ಲಿ ವಿಚಾರಿಸಲೇಬೇಕೆಂಬ ನಿಯಮವಿದೆ: ಮೊದಲು ಮಾತುಕತೆ, ಆಮೇಲೆ ಬರಹದ ದೂರು, ಅದಕ್ಕೂ ಸಮಾಧಾನವಾಗದಿದ್ದರೆ ಸಮಿತಿಯ ಮುಂದೆ ವಿಚಾರಣೆ. ಆ ಸಮಿತಿಯಲ್ಲಿ ಶಾಲೆಯ ಆಡಳಿತಕ್ಕೆ ಸಂಬಂಧಿಸದ ಒಬ್ಬರಾದರೂ ಇರಬೇಕು. ನಮ್ಮದು ಎರಡನೆಯ ಹಂತದಲ್ಲೇ ತೀರ್ಮಾನವಾಯಿತು. ಹುಡುಗನ ತಂದೆತಾಯಿಯನ್ನು ಕರೆಸಿದರು, ಘಟನೆಯನ್ನು ಜನಾಂಗೀಯ ನಿಂದನೆ ಎಂದೇ ದಾಖಲಿಸಿದರು, ಅದಿತಿ ಬೇಕೆಂದಾಗ ಹೋಗಿ ಮಾತಾಡಲು ಒಬ್ಬ ಶಿಕ್ಷಕಿಯನ್ನು ಗೊತ್ತು ಮಾಡಿದರು.

ದುಡ್ಡು ಕೊಟ್ಟವರದೇ ಶಾಲೆ, ನಮ್ಮಂಥವರ ಮಾತು ಯಾರು ಕೇಳುತ್ತಾರೆ ಎಂದು ಕೇಳಿದ್ದೀರಿ. 2010ರ ಸಮಾನತಾ ಕಾಯ್ದೆ ಖಾಸಗಿ ಶಾಲೆಗಳಿಗೂ ಅನ್ವಯಿಸುತ್ತದೆ. ಒಂದು ಮಗು ಇನ್ನೊಂದಕ್ಕೆ ಅಂದ ಮಾತನ್ನು ಆ ಕಾಯ್ದೆ ನೇರವಾಗಿ ಹಿಡಿಯುವುದಿಲ್ಲ, ನಿಜ. ಆದರೆ ಬೇರೆ ಕಿರುಕುಳಕ್ಕಿಂತ ಬಣ್ಣದ ಕಿರುಕುಳವನ್ನು ಶಾಲೆ ಹಗುರವಾಗಿ ಕಂಡರೆ ಅದು ಶಾಲೆಯೇ ಮಾಡಿದ ತಾರತಮ್ಯವೆನಿಸಬಹುದು. ಇದೇ ಊರಿನ ಒಂದು ಖಾಸಗಿ ಶಾಲೆ ಪೇಟ ಕಟ್ಟುವ ಸಿಖ್ ಬಾಲಕನಿಗೆ ಪ್ರವೇಶ ನಿರಾಕರಿಸಿದಾಗ ಆ ಮನೆಯವರು ಪಟ್ಟು ಬಿಡದೆ ಮೇಲಿನವರೆಗೆ ಹೋದರು, ಮತ್ತು 1983ರಲ್ಲಿ, ಆಗ ಇಲ್ಲಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಅವರ ಪರವಾಗಿಯೇ ತೀರ್ಪು ಕೊಟ್ಟಿತು. ಆ ಮನೆಯವರ ಹಟದ ಫಲವನ್ನು ಇಂದು ನಮ್ಮಂಥ ಮನೆಗಳು ಉಣ್ಣುತ್ತಿವೆ ಎಂದು ನಾನು ಮನಸಾರೆ ನಂಬಿದ್ದೇನೆ.

ಕೊರತೆಗಳಿಲ್ಲವೆಂದಲ್ಲ. ಸರ್ಕಾರಿ ಶಾಲೆಗಳಿಗೆ ಸಮಾನತೆಯ ಗುರಿಗಳನ್ನು ಪ್ರಕಟಿಸುವ ಹೊಣೆಯಿದೆ, ಖಾಸಗಿಯವರಿಗೆ ಅದಿಲ್ಲ. ಶುಲ್ಕ ರಿಯಾಯಿತಿ ಕೊಟ್ಟು ಬಡ ಕಪ್ಪು ಮಕ್ಕಳನ್ನೋ ಏಷ್ಯಾದ ಮಕ್ಕಳನ್ನೋ ಸೇರಿಸಿಕೊಂಡು ಅದನ್ನೇ ದೊಡ್ಡದಾಗಿ ಹೇಳಿಕೊಳ್ಳುವ ಶಾಲೆಗಳುಂಟು. ಆದರೆ ಸೇರಿದ ಮಗು ದುಃಖ ತೋಡಿಕೊಳ್ಳಲು ತನ್ನ ಬಣ್ಣದ ಒಬ್ಬ ಶಿಕ್ಷಕರೂ ಅಲ್ಲಿಲ್ಲದಿದ್ದರೆ ಆ ಸಹಾಯ ಬಾಗಿಲಲ್ಲೇ ನಿಂತಂತೆ. ಅದಿತಿಯ ಶಾಲೆಯಲ್ಲಿ ಅಂಥವರು ಒಬ್ಬರೇ ಇದ್ದಾರೆ. ಈ ಮಾತನ್ನು ಪೋಷಕರ ಸಭೆಯಲ್ಲಿ ಎತ್ತಿದ್ದೇನೆ, ಇನ್ನೂ ಎತ್ತುತ್ತೇನೆ.

ಊರಿನ ಶಾಲೆಯ ಮೇಲೆ ನನಗೆ ಅಗೌರವವಿಲ್ಲ. ನಾನು ಓದಿದ್ದೂ ಅಲ್ಲೇ. ಆದರೆ ಅಂದವನು ಅಲ್ಲೇ ಕುಳಿತಿರುವಾಗ ಅನ್ನಿಸಿಕೊಂಡವಳು ಊರು ಬಿಡುವುದು ಯಾವ ನ್ಯಾಯ, ನೀವೇ ಹೇಳಿ. ಅವಳೂ ಬರುವುದಿಲ್ಲವೆನ್ನುತ್ತಾಳೆ. ಚೆನ್ನಾಗಿ ಉಣ್ಣುತ್ತಾಳೆ, ಚೆನ್ನಾಗಿ ನಿದ್ದೆ ಮಾಡುತ್ತಾಳೆ, ಗಣಿತದಲ್ಲಿ ಮುಂದಿದ್ದಾಳೆ, ಗೆಳತಿಯರಿದ್ದಾರೆ. ಕಿಂಚಿತ್ತೂ ಚಿಂತೆ ಬೇಡ. 2025ರ ಜನವರಿಯಿಂದ ಶುಲ್ಕದ ಮೇಲೆ ಶೇ. 20 ವ್ಯಾಟ್ ಬಿದ್ದಿರುವುದು ನಿಜ, ಅದನ್ನು ನಾವು ಹೊಂದಿಸಿಕೊಂಡಿದ್ದೇವೆ. ಅಡಕೆ ಮಾರಿದ ಹಣವನ್ನು ದಯವಿಟ್ಟು ಕಳಿಸಬೇಡಿ.

ಕೊನೆ ಕೊಯ್ಲಿನ ಹೊತ್ತಿನಲ್ಲಿ ಅಮ್ಮನಿಗೆ ಇದನ್ನೆಲ್ಲ ಹೇಳಿ ರಕ್ತದೊತ್ತಡ ಏರಿಸಬೇಡಿ. ಆಫೀಸಿಗೆ ಹೊತ್ತಾಯಿತು, ಭಾನುವಾರ ಫೋನ್ ಮಾಡುತ್ತೇನೆ.

ಇಂತಿ ನಿಮ್ಮ ಮಗ,
ಸುಧೀಂದ್ರ