ವ್ಯಾನಿನ ಮೇಲಿನ ಸೋಲಾರ್: ವ್ಯಾಟ್ ಕೇಳುವವರು ವೈರನ್ನೂ ಕೇಳಲಿ

ಮಾನ್ಯ ಸಂಪಾದಕರೇ,

ವಾಹನದಲ್ಲೇ ಮಲಗಿ, ಅಲ್ಲೇ ಅಡುಗೆ ಮಾಡಿಕೊಂಡು ಊರೂರು ಸುತ್ತುವವರ ಕುರಿತು ತಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಬರಹವನ್ನು ಸಂತೋಷದಿಂದ ಓದಿದೆ. ಚಾವಣಿಯ ಮೇಲೆ ಎರಡು ಸೋಲಾರ್ ಪ್ಯಾನೆಲ್ ಹಾಕಿಸಿಕೊಂಡರೆ ಕರೆಂಟಿನ ಚಿಂತೆಯೇ ಇಲ್ಲ ಎಂಬ ಅರ್ಥದ ಮಾತು ಅದರಲ್ಲಿತ್ತು. ಇದೇ ಮಾತನ್ನು ನಂಬಿ ಹೊರಟು ಪೇಚಿಗೆ ಸಿಕ್ಕಿದವನಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ನಿವೃತ್ತನಾದ ಮೇಲೆ ಹಳೆಯ ಟೆಂಪೊ ಟ್ರಾವೆಲರ್ ಒಂದನ್ನು ಕೊಂಡು, ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ ಮಾರ್ಪಾಡಿಗೆ ಅನುಮತಿ ಪಡೆದು, ಒಳಗೆ ಎರಡು ಮಂಚ, ಒಂದು ಪುಟ್ಟ ಅಡುಗೆ ಕಟ್ಟೆ, 45 ಲೀಟರಿನ 12 ವೋಲ್ಟ್ ಫ್ರಿಜ್ ಮಾಡಿಸಿಕೊಂಡೆ. ಅಂಗಡಿಯವರು 165 ವ್ಯಾಟಿನ ಎರಡು ಪ್ಯಾನೆಲ್, ಒಂದು ಟ್ಯೂಬ್ಯುಲರ್ ಬ್ಯಾಟರಿ ಮತ್ತು ಪ್ಯಾನೆಲ್ಲಿನಿಂದ ಬ್ಯಾಟರಿ ತುಂಬುವುದನ್ನು ಹಿಡಿತದಲ್ಲಿಡುವ ಅಗ್ಗದ ಪಿಡಬ್ಲ್ಯುಎಂ ಬಗೆಯ ಕಂಟ್ರೋಲರ್ ಕೂಡಿಸಿಕೊಟ್ಟರು. ಮೇ ತಿಂಗಳಲ್ಲಿ ಗೋಕರ್ಣಕ್ಕೆ ಹೋದೆವು. ಮೂರನೆಯ ದಿನ ಬೆಳಗಿನ ಜಾವ ಫ್ರಿಜ್ ನಿಂತು ಹಾಲು ಒಡೆದಿತ್ತು. ಫೋನ್ ಮಾಡಿದರೆ, ‘ಬ್ಯಾಟರಿ ವೀಕ್ ಇರಬೇಕು ಸರ್, ಇನ್ನೊಂದು ಪ್ಯಾನೆಲ್ ಹಾಕೋಣ’ ಎಂಬ ಉತ್ತರ ಬಂತು.

ಧಾರವಾಡಕ್ಕೆ ಮರಳಿ ಮಂಚದ ಕೆಳಗಿನ ಪ್ಲೈವುಡ್ ಪೆಟ್ಟಿಗೆಯನ್ನು ಬಿಚ್ಚಿದಾಗ, ಕಂಟ್ರೋಲರಿಗೆ ಸೇರುವಲ್ಲಿ ಕೆಂಪು ವೈರಿನ ಹೊದಿಕೆ ಕಂದುಬಣ್ಣಕ್ಕೆ ತಿರುಗಿ, ಹಪ್ಪಳದಂತೆ ಗರಿಗರಿಯಾಗಿ, ಬೆರಳು ತಾಗಿಸಿದರೆ ಉದುರುವಂತಿತ್ತು. ಅದು ಮನೆಯ ಗೋಡೆಯೊಳಗೆ ಹಾಕುವ ಎರಡೂವರೆ ಎಂಎಂ (ಅಂದರೆ ಎರಡೂವರೆ ಚದರ ಮಿಲಿಮೀಟರ್) ವೈರು. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಓಮನ ನಿಯಮವನ್ನು ಪಾಠ ಮಾಡಿದ ನಾನು, ನನ್ನದೇ ಗಾಡಿಗೆ ಅದನ್ನು ಅನ್ವಯಿಸಿ ನೋಡಿರಲಿಲ್ಲ ಎಂಬುದನ್ನು ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ.

ಲೆಕ್ಕ ಕಷ್ಟದ್ದೇನಲ್ಲ. ಚಾವಣಿಯಿಂದ ಬ್ಯಾಟರಿಗೆ ಏಳು ಮೀಟರ್, ಹೋಗಿ ಬರಲು ಹದಿನಾಲ್ಕು. ಎರಡೂವರೆ ಎಂಎಂ ತಾಮ್ರದಲ್ಲಿ ಅಷ್ಟು ದೂರಕ್ಕೆ ರೋಧ ಸುಮಾರು 0.1 ಓಮ್. ಪ್ಯಾನೆಲ್‌ಗಳನ್ನು ಸಮಾಂತರವಾಗಿ ಜೋಡಿಸಿದ್ದರಿಂದ ಒಂದೊಂದರ 9 ಆಂಪಿಯರ್ ಕೂಡಿ 18 ಆಂಪಿಯರ್ ಆ ವೈರಿನಲ್ಲಿ ಹರಿಯುತ್ತಿತ್ತು. ಅಂದರೆ ದಾರಿಯಲ್ಲೇ 1.8 ವೋಲ್ಟ್ ಕುಸಿತ, 32 ವ್ಯಾಟಿನಷ್ಟು ಬರೀ ಶಾಖ. ಇಷ್ಟೇ ಆಗಿದ್ದರೆ ಹತ್ತರಲ್ಲಿ ಒಂದು ಪಾಲು ಹೋಯಿತೆಂದು ಸುಮ್ಮನಿರಬಹುದಿತ್ತು. ಆದರೆ ‘12 ವೋಲ್ಟ್’ ಎಂದು ಮಾರುವ ಪ್ಯಾನೆಲ್ ಪೂರ್ಣ ಶಕ್ತಿಯನ್ನು ಕೊಡುವುದು 18 ವೋಲ್ಟಿನ ಹತ್ತಿರ, ಅದೂ ಅದರ ಕೋಶಗಳು 25 ಡಿಗ್ರಿಯಲ್ಲಿದ್ದಾಗ. ಕರಾವಳಿಯ ಮೇ ಬಿಸಿಲಿನಲ್ಲಿ ತಗಡಿಗೆ ಅಂಟಿದಂತೆ ಕೂತ ಪ್ಯಾನೆಲ್ 65 ಡಿಗ್ರಿ ಮುಟ್ಟಿದರೆ ಆ 18 ವೋಲ್ಟ್ 15ರ ಆಸುಪಾಸಿಗೆ ಇಳಿಯುತ್ತದೆ. ಅದರಲ್ಲಿ ವೈರು ನುಂಗಿದ್ದನ್ನು ಕಳೆದರೆ ಉಳಿಯುವುದು ಹದಿಮೂರು ಚಿಲ್ಲರೆ. ಟ್ಯೂಬ್ಯುಲರ್ ಬ್ಯಾಟರಿ ತುಂಬಬೇಕಾದರೆ 14.4 ವೋಲ್ಟಿನ ಹತ್ತಿರ ಬೇಕು. ಬಿಸಿಲು ಹೆಚ್ಚಿದಷ್ಟೂ ನನ್ನ ಬ್ಯಾಟರಿ ಅರೆಹೊಟ್ಟೆಯಲ್ಲಿ ಉಳಿಯುತ್ತಿದ್ದ ಕಾರಣ ಇದು. ಇನ್ನೊಂದು ಪ್ಯಾನೆಲ್ಲನ್ನು ಅದೇ ರೀತಿ ಸೇರಿಸಿದ್ದರೆ ಆ ವೈರಿಗೆ ಬಹುಶಃ ಬೆಂಕಿಯೇ ಹತ್ತುತ್ತಿತ್ತು.

ನಿಜಕ್ಕೂ ಪ್ಯಾನೆಲ್ ಕಡಿಮೆಯೂ ಇರಲಿಲ್ಲ. ಬೇಸಿಗೆಯಲ್ಲಿ ಫ್ರಿಜ್ಜಿಗೆ ದಿನಕ್ಕೆ ಸುಮಾರು 500 ವ್ಯಾಟ್-ಗಂಟೆ, 30 ವ್ಯಾಟಿನ ಫ್ಯಾನ್ ಎಂಟು ಗಂಟೆಗೆ 240, ದೀಪ, ಮೊಬೈಲ್, ಲ್ಯಾಪ್‌ಟಾಪ್ ಸೇರಿ ಇನ್ನೊಂದು ಇನ್ನೂರು, ಒಟ್ಟು ಸಾವಿರದೊಳಗೆ. ನಮ್ಮ ಕಡೆಯ ಐದು ಗಂಟೆಯ ಒಳ್ಳೆಯ ಬಿಸಿಲಿಗೆ 330 ವ್ಯಾಟ್, ಎಲ್ಲ ನಷ್ಟ ಕಳೆದು, ಅಷ್ಟನ್ನು ಕೊಡಬಲ್ಲದು. ಜೂನ್–ಜುಲೈನ ಮಲೆನಾಡಿನಲ್ಲಿ ಮಾತ್ರ ಕೊಡದು. ಆಗ ಎಂಜಿನ್ ಓಡುವಾಗ ಆಲ್ಟರ್ನೇಟರಿನಿಂದ ತುಂಬಿಸುವ ಡಿಸಿ-ಡಿಸಿ ಚಾರ್ಜರ್ ಬೇಕೇ ಬೇಕು.

ಈಗ ಅದೇ ಎರಡು ಪ್ಯಾನೆಲ್‌ಗಳನ್ನು ಸರಣಿಯಲ್ಲಿ ಜೋಡಿಸಿ, 6 ಎಂಎಂ ಸೋಲಾರ್ ಕೇಬಲ್ ಎಳೆಸಿ, ಪ್ಯಾನೆಲ್ಲಿನ ಹೆಚ್ಚಿನ ವೋಲ್ಟೇಜನ್ನು ಬ್ಯಾಟರಿಗೆ ತಕ್ಕಷ್ಟಕ್ಕೆ ಇಳಿಸಿ ಆಂಪಿಯರ್ ಏರಿಸಿಕೊಡುವ ಎಂಪಿಪಿಟಿ ಕಂಟ್ರೋಲರ್ ಹಾಕಿಸಿದ್ದೇನೆ. ಸರಣಿಯಲ್ಲಿ ವೋಲ್ಟೇಜ್ ಕೂಡುತ್ತದೆ, ಆಂಪಿಯರ್ 9ರಲ್ಲೇ ನಿಲ್ಲುತ್ತದೆ. ಕೇಬಲ್ಲಿನ ನಷ್ಟ ನಾಲ್ಕು ವ್ಯಾಟಿಗೂ ಕಡಿಮೆ. ಮರದಡಿಯಲ್ಲಿ ಗಾಡಿ ನಿಲ್ಲಿಸುವ ಚಟವುಳ್ಳವರು ಸಮಾಂತರ ಜೋಡಣೆಯೇ ಮೇಲು ಎನ್ನುತ್ತಾರೆ, ಒಂದರ ಮೇಲೆ ಪೂರ್ತಿ ನೆರಳು ಬಿದ್ದರೂ ಇನ್ನೊಂದು ದುಡಿಯುತ್ತದೆ ಎಂಬುದು ಅವರ ವಾದ. ಆ ಮಾತಿನಲ್ಲಿ ಹುರುಳಿದೆ. ಆದರೆ ಹಾಗೆ ಮಾಡುವವರು ದಪ್ಪ ಕೇಬಲ್ಲಿಗೆ ದುಡ್ಡು ಬಿಚ್ಚಬೇಕು. ಪ್ಯಾನೆಲ್ಲಿಗೂ ತಗಡಿಗೂ ನಡುವೆ ಗಾಳಿಯಾಡಲು ಮೂರು ಬೆರಳಿನಷ್ಟು ಜಾಗ ಬಿಡಿಸಿದ್ದೇನೆ. ಚಾವಣಿಗೆ ಅಂಟಿಸುವ ಬಾಗುವ ಪ್ಯಾನೆಲ್ ನನಗೆ ಹಿಡಿಸದಿರುವುದು ಈ ಬಿಸಿಯ ಕಾರಣಕ್ಕೇ.

ಅಗ್ಗವೆಂದು ಮನೆಗೆ ಹಾಕುವ 540 ವ್ಯಾಟಿನ ದೊಡ್ಡ ಪ್ಯಾನೆಲ್‌ಗಳನ್ನು ಗಾಡಿಗೇರಿಸುವವರಿಗೂ ಒಂದು ಮಾತು. ಹೊರೆ ಇಲ್ಲದಾಗ ಅಂಥ ಒಂದರ ವೋಲ್ಟೇಜ್ 49ರ ಹತ್ತಿರವಿರುತ್ತದೆ. ಎರಡನ್ನು ಸರಣಿಯಲ್ಲಿ ಕೂಡಿಸಿದರೆ 98. ಕಂಟ್ರೋಲರಿನ ಮಿತಿ 100 ಎಂದಿದ್ದರೆ ಸಾಕಲ್ಲವೇ ಎನಿಸುತ್ತದೆ. ಆದರೆ ಚಳಿಗೆ ವೋಲ್ಟೇಜ್ ಏರುತ್ತದೆ. ಊಟಿಯ ಡಿಸೆಂಬರ್ ಮುಂಜಾನೆಯ ಮೊದಲ ಬಿಸಿಲಿಗೇ ಅದು ನೂರು ದಾಟಿ, ಕಂಟ್ರೋಲರ್ ಸುಟ್ಟುಹೋಗಬಹುದು.

ನನ್ನ ಗಾಡಿಯಲ್ಲಿ ಕಂಡ ಇನ್ನೊಂದು ದೋಷ ಇದಕ್ಕಿಂತ ದೊಡ್ಡದು. ಬ್ಯಾಟರಿಯ ಪಕ್ಕದಲ್ಲಿ ಫ್ಯೂಸ್ ಇರಲಿಲ್ಲ. ಪ್ಯಾನೆಲ್ ಕಡೆಗೆ ಮನೆಯ ಎಸಿ (ಪರ್ಯಾಯ ಪ್ರವಾಹದ) ಎಂಸಿಬಿ, ಅಂದರೆ ಕರೆಂಟ್ ಮಿತಿಮೀರಿದರೆ ತಾನೇ ಬೀಳುವ ಸ್ವಿಚ್, ಹಾಕಿದ್ದರು. ಎಸಿ ಪ್ರವಾಹ ಸೆಕೆಂಡಿಗೆ ನೂರು ಬಾರಿ ಸೊನ್ನೆಗೆ ಬರುವುದರಿಂದ ಸ್ವಿಚ್ ತೆರೆದಾಗ ಹುಟ್ಟುವ ಕಿಡಿ ತಾನಾಗಿ ನಂದುತ್ತದೆ. ಪ್ಯಾನೆಲ್, ಬ್ಯಾಟರಿ ಕೊಡುವ ಡಿಸಿಯಲ್ಲಿ (ನೇರ ಪ್ರವಾಹದಲ್ಲಿ) ಆ ಬಿಡುವೇ ಇಲ್ಲ, ಕಿಡಿ ಉರಿಯುತ್ತಲೇ ಇರಬಹುದು. ಗ್ಯಾಸ್ ಸಿಲಿಂಡರ್ ಮತ್ತು ಮಲಗಿದ ಮೊಮ್ಮಕ್ಕಳಿರುವ ಗಾಡಿಯಲ್ಲಿ ಅದರ ಅರ್ಥವೇನೆಂದು ಬಿಡಿಸಿ ಹೇಳಬೇಕಿಲ್ಲ. ಡಿಸಿ ಎಂದು ನಮೂದಿಸಿದ ಎಂಸಿಬಿಯೇ ಬೇಕು. ಫ್ಯೂಸ್ ಬ್ಯಾಟರಿಯ ಪ್ಲಸ್ ತುದಿಯಿಂದ ಒಂದು ಗೇಣಿನೊಳಗೆ ಇರಬೇಕು. ಜೋಡಿಸುವಾಗ ಕಂಟ್ರೋಲರಿಗೆ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. ಬಿಚ್ಚುವಾಗ ಮೊದಲು ಪ್ಯಾನೆಲ್.

ಮಾರ್ಪಾಡಿನ ತಪಾಸಣೆಯಲ್ಲಿ ನನ್ನ ಗಾಡಿಯ ಎತ್ತರವನ್ನು ಅಳೆದರು, ಸೀಟುಗಳನ್ನು ಎಣಿಸಿದರು. ಮಂಚದ ಕೆಳಗಿನ ಪೆಟ್ಟಿಗೆಯನ್ನು ಯಾರೂ ತೆಗೆಸಲಿಲ್ಲ. ತಪಾಸಣೆ ಮಾಡುವವರು ಮುಂದಾದರೂ ಅದನ್ನು ತೆಗೆಸಿ ಫ್ಯೂಸ್ ಎಲ್ಲಿದೆ ಎಂದು ಕೇಳಲಿ. ಅಂಗಡಿಯವರಲ್ಲಿ ನನ್ನ ಕೋರಿಕೆ ಇಷ್ಟೇ: ಬಿಲ್ಲಿನಲ್ಲಿ ‘ಸೋಲಾರ್ ಸೆಟ್ 330 ವ್ಯಾಟ್’ ಎಂದು ಒಂದೇ ಸಾಲು ಬರೆಯದೆ, ಪ್ಯಾನೆಲ್ಲಿನ ತೆರೆದ ಮಂಡಲದ (ಹೊರೆ ಇಲ್ಲದಾಗಿನ) ವೋಲ್ಟೇಜ್, ಕಂಟ್ರೋಲರಿನ ಮಿತಿ, ಕೇಬಲ್ಲಿನ ದಪ್ಪ ಮತ್ತು ಉದ್ದ, ಫ್ಯೂಸಿನ ಆಂಪಿಯರ್ ಇವನ್ನೂ ನಮೂದಿಸಲಿ. ನನ್ನ ಬಿಲ್ಲಿನಲ್ಲಿ ವೈರಿನ ಹೆಸರೇ ಇರಲಿಲ್ಲ. ‘ಇತರೆ’ ಎಂಬ ಸಾಲಿನಲ್ಲಿ ಅದು ಸೇರಿತ್ತು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ವಿಜ್ಞಾನ ಶಿಕ್ಷಕ, ಧಾರವಾಡ