ಗೌರಿ ಹೂವು, ನಿಮ್ಮ ಬೇಲಿ

ಲೋ ಮಂಡಕ್ಕಿ,

ಹಬ್ಬಕ್ಕೆ ಇನ್ನೂ ನಾಲ್ಕು ದಿನ ಇದೆ, ನಮ್ಮ ಟೆರೇಸಿನಲ್ಲಿ ಆಗಲೇ ಗೌರಿ ಹೂ ಅರಳಿದೆ. ಬೆಂಗಳೂರಿನಲ್ಲಿ! ತೀರ್ಥಹಳ್ಳಿ ಕಡೆಯವರು ಯಾರಾದರೂ ಓದುತ್ತಿದ್ದರೆ ಹೊಟ್ಟೆ ಉರಿದುಕೊಳ್ಳಿ.

ಮೊದಲು ಹಸಿರು ಮೊಗ್ಗು ತಲೆ ತಗ್ಗಿಸಿ ನಿಂತಿತ್ತು. ಆಮೇಲೆ ಆರೂ ಎಸಳು ಹಿಂದಕ್ಕೆ ಮಡಚಿಕೊಂಡು ಮೇಲೆದ್ದವು. ಬುಡ ಹಳದಿ, ತುದಿ ಕೆಂಪು. ಈ ಬಳ್ಳಿಗೆ ಎಲೆಯ ತುದಿಯೇ ಕೈ. ಮೊನ್ನೆ ಒಂದು ಎಲೆ, ಒಣಹಾಕಿದ್ದ ನನ್ನ ಬನಿಯನ್ನಿನ ತೂತಿಗೆ ಸುರುಳಿ ಸುತ್ತಿಕೊಂಡಿತ್ತು. ಬಿಡಿಸಲು ಮನಸ್ಸಾಗಲಿಲ್ಲ. ಬನಿಯನ್ ಅಲ್ಲೇ ಇದೆ.

ಇದನ್ನು ಸಾಕುವುದು ಕಷ್ಟ ಅಲ್ಲ, ಸುಮ್ನೆ ಇರುವುದು ಕಷ್ಟ. ಬಳ್ಳಿ ಒಣಗಿದ ಮೇಲೆ ನೀರು ನಿಲ್ಲಿಸಿ, ಮಳೆ ಬರುವ ತನಕ ಕುಂಡದ ತಂಟೆಗೆ ಹೋಗಬಾರದು. ಮೊದಲ ಬೇಸಿಗೆಯಲ್ಲಿ ನಾನು ಸತ್ತೇ ಹೋಯಿತು ಅಂತ ಕೆದಕಿದೆ. ಗಡ್ಡೆಗೆ ನೇಗಿಲಿನ ಹಾಗೆ ಎರಡು ಕವಲು, ಮೊಳಕೆ ಕವಲಿನ ತುದಿಯಲ್ಲೇ. ಒಂದು ತುದಿ ಪಟ್ ಅಂತ ಮುರಿಯಿತು. ಆ ವರ್ಷ ಒಂದೇ ಕಡೆ ಚಿಗುರಿತು. ಇಡೀ ಗಿಡ ವಿಷ ಬೇರೆ, ಗಡ್ಡೆ ಇನ್ನೂ ಜಾಸ್ತಿ. ಮಗಳ ಕೈಗೆ ಸಿಗದ ಹಾಗೆ ಮೇಲೆ ಇಟ್ಟಿದ್ದೇನೆ.

ಪಕ್ಕದ ಮನೆಯ ತಮಿಳು ಅಜ್ಜಿ ನೋಡಿ, "ಇದು ನಮ್ಮ ರಾಜ್ಯದ ಹೂವು" ಅಂದರು. ಜಿಂಬಾಬ್ವೆಗೆ ಇದು ರಾಷ್ಟ್ರೀಯ ಹೂವು. ನಮಗೋ ಬೇಲಿ ಹೂವು. ಎಲ್ಲಿಂದ ತಂದೆ ಅಂತ ಕೇಳಿದರು. ನರ್ಸರಿಯಿಂದ ಅಂದೆ.

ಸುಳ್ಳು. ಅದು ನಿಮ್ಮ ಬೇಲಿಯದು ಕಣೋ. ಆ ಏಪ್ರಿಲ್‌ನಲ್ಲಿ ನಿನ್ನ ಅಪ್ಪಯ್ಯನನ್ನು ನೋಡಲೆಂದೇ ಬಂದಿದ್ದೆ. ಬೇಲಿ ಬಾಗಿಲು, ಅದೇ ದಣಪೆ ಹತ್ತಿರ ನಿಂತಾಗ ಒಳಗಿನಿಂದ ಅವರ ಕೆಮ್ಮು ಕೇಳಿಸಿತು. ನಿಲ್ಲಲೇ ಇಲ್ಲ ಅದು. ನನಗೆ ಕಾಲೇ ಬರಲಿಲ್ಲ. ಕೈ ಮಾತ್ರ ಸುಮ್ನಿರದೆ ಒಣಗಿದ ಬಳ್ಳಿಯ ಬುಡ ಕೆದಕಿತು. ಗಡ್ಡೆಯನ್ನು ಬ್ಯಾಗಿಗೆ ಹಾಕಿಕೊಂಡು ಬಸ್ ಹತ್ತಿದೆ. ನಿನಗೆ, "ಹೋಗಿದ್ದೆ, ಮಲಗಿದ್ದರು" ಅಂದೆ. ಹದಿನೈದು ದಿನಕ್ಕೆ ನಿನ್ನ ಫೋನು ಬಂತು. "ನೀನಾದರೂ ಹೋಗಿ ನೋಡಿದೆಯಲ್ಲ" ಅಂದೆ ನೀನು.

ಇದನ್ನು ಬರೆಯಲು ಕೂತಿರಲಿಲ್ಲ. ಫೋಟೋ ಹಾಕಿ ನಾಲ್ಕು ಲೈಕ್ ತಗೊಂಡು ಏಳುವವನಿದ್ದೆ.

ಇರಲಿ. ಕಳ್ಳತನದ ಕೇಸು ಹಾಕುವುದಾದರೆ ಹಾಕು, ನೀನು ನನಗೆ ಕೊಡಬೇಕಾದ ಆ ಹದಿನೇಳು ರೂಪಾಯಿ ವಜಾ ಮಾಡಿಕೊಂಡು. ಆದರೆ ಈ ಗಡ್ಡೆ ಪ್ರತಿ ವರ್ಷ ಸೊರಗಿ ಪಕ್ಕದಲ್ಲಿ ಹೊಸದು ಹುಟ್ಟುತ್ತದೆ. ಅಂದರೆ ಕದ್ದ ಮಾಲು ಈಗ ನನ್ನ ಹತ್ತಿರ ಇಲ್ಲ, ಅಲ್ವಾ? ಮುಂದಿನ ಮಳೆಗೆ ಮುಂಚೆ ಬಾ, ಒಂದು ಗಡ್ಡೆ ಕೊಡುತ್ತೇನೆ. ಬನಿಯನ್ ವಿಷಯ ಎತ್ತಬೇಡ.

ನಿನ್ನ
ಅರ್ಧ ಟಿಕೆಟ್