ಮೆಕ್ಯಾನಿಕ್ ತಾತನ ಬಗ್ಗೆ ಪೋಷಕರಿಗೆ ಒಂದು ಪತ್ರ

ಪ್ರಿಯ ಪೋಷಕರೇ,

ನಮ್ಮ ಶಾಲೆಯ ಬಸ್ಸುಗಳನ್ನು ಹದಿನಾಲ್ಕು ವರ್ಷ ನೋಡಿಕೊಂಡ ಮೆಕ್ಯಾನಿಕ್ ಕಳೆದ ಭಾನುವಾರ ಹೃದಯಾಘಾತದಿಂದ ತೀರಿಕೊಂಡರು. ಸೋಮವಾರ ನಿಮ್ಮ ಮಗು ಸಪ್ಪೆ ಮುಖ ಹಾಕಿಕೊಂಡು ಮನೆಗೆ ಬಂದಿದ್ದರೆ ಕಾರಣ ಇದೇ. ಹಾಜರಿ ಪುಸ್ತಕದಲ್ಲಿದ್ದ ಅವರ ಹೆಸರು ಎಷ್ಟೋ ಮಕ್ಕಳಿಗೆ ಗೊತ್ತೇ ಇಲ್ಲ. ಎಲ್ಲರಿಗೂ ಅವರು ಮೆಕ್ಯಾನಿಕ್ ತಾತ. ನಾನೂ ಹಾಗೇ ಬರೆಯುತ್ತೇನೆ.

ಮೊದಲು ಒಂದು ಮಾತು. ಚಿಕ್ಕ ಮಕ್ಕಳು ಕೇಳಿದರೆ ‘ತಾತ ಮಲಗಿದ್ದಾರೆ’, ‘ಊರಿಗೆ ಹೋಗಿದ್ದಾರೆ’ ಅನ್ನಬೇಡಿ. ಕೆಲವು ಮಕ್ಕಳಿಗೆ ಆಮೇಲೆ ಮಲಗುವುದಕ್ಕೇ ಭಯವಾಗುತ್ತದೆ, ಇನ್ನು ಕೆಲವರು ವಾಪಸ್ ಬರ್ತಾರೆ ಅಂತ ಕಾಯುತ್ತಾರೆ. ‘ತೀರಿಕೊಂಡರು, ಇನ್ನು ಬರುವುದಿಲ್ಲ’ ಅಂತಲೇ ಹೇಳಿ. ಅದೇ ಪ್ರಶ್ನೆಯನ್ನು ನಾಲ್ಕು ಸಲ ಕೇಳಿದರೆ ನಾಲ್ಕು ಸಲವೂ ಅದೇ ಉತ್ತರ ಕೊಡಿ.

ತಾತ ಮೊದಲು ಸೈನ್ಯದಲ್ಲಿದ್ದವರು. ಲಾರಿ, ಜೀಪು ರಿಪೇರಿಯೇ ಅವರ ಕೆಲಸ. ಐದನೇ ತರಗತಿಯ ಹುಡುಗನೊಬ್ಬ ಒಮ್ಮೆ ‘ನೀವು ಗನ್ ಹಿಡಿದಿದ್ರಾ?’ ಅಂತ ಕೇಳಿದ. ‘ಹಿಡಿದಿದ್ದೆ. ಸ್ಪ್ಯಾನರ್ ಹಿಡಿದಿದ್ದೇ ಜಾಸ್ತಿ’ ಅಂದರು. ಯುದ್ಧದ ಬಗ್ಗೆ ಅವರು ಮಕ್ಕಳ ಹತ್ತಿರ ಅದಕ್ಕಿಂತ ಹೆಚ್ಚು ಮಾತಾಡಿದ್ದು ನಾನು ಕೇಳಿಲ್ಲ.

ಚಳಿಯ ಬಗ್ಗೆ ಕೇಳಿದರೆ ಮಾತ್ರ ಮಾತು ನಿಲ್ಲುತ್ತಿರಲಿಲ್ಲ. ಡೀಸೆಲ್‌ನಲ್ಲಿ ಮೇಣದಂಥ ಅಂಶ ಇರುತ್ತದೆ, ಚಳಿ ಹೆಚ್ಚಾದರೆ ಅದು ಗಟ್ಟಿಯಾಗಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಆಯಿಲ್ ಮಂದವಾಗುತ್ತದೆ, ಬ್ಯಾಟರಿ ಸೊರಗುತ್ತದೆ. ಮೂರೂ ಒಟ್ಟಿಗೆ ಕೈಕೊಟ್ಟ ಬೆಳಗಿನ ಜಾವ ಒಂದು ಸಾಲು ಲಾರಿಗಳನ್ನು ಹೊರಡಿಸಬೇಕು ಅಂದರೆ ಏನು ಪಾಡು ಅಂತ ಅವರು ಕೈ ಉಜ್ಜಿಕೊಂಡೇ ಹೇಳುತ್ತಿದ್ದರು. ಕೇಳುತ್ತಾ ಕೂತ ಮಕ್ಕಳೂ ಕೈ ಉಜ್ಜಿಕೊಳ್ಳುತ್ತಿದ್ದರು!

ಏಳನೇ ತರಗತಿಗೆ ಅವರು ಒಂದು ಪಾಠವನ್ನೇ ಮಾಡಿದ್ದರು. 4,000 ಮೀಟರ್ ಎತ್ತರದಲ್ಲಿ ನೀರು 100 ಡಿಗ್ರಿವರೆಗೆ ಕಾಯುವುದಿಲ್ಲ, ಸುಮಾರು 87ಕ್ಕೇ ಕುದಿಯುತ್ತದೆ, ಯಾಕೆಂದರೆ ಅಲ್ಲಿ ಗಾಳಿಯ ಒತ್ತಡ ಕಡಿಮೆ. ಅದಕ್ಕೇ ರೇಡಿಯೇಟರ್ ಮುಚ್ಚಳ ಅಷ್ಟು ಬಿಗಿಯಾಗಿ ಕೂರಬೇಕು. ಒಳಗೆ ಒತ್ತಡ ಉಳಿದರೆ ನೀರು ಬೇಗ ಕುದಿಯುವುದಿಲ್ಲ. ‘ಹಾಗಾದ್ರೆ ಬಿಸಿ ಇಂಜಿನ್ ಮುಚ್ಚಳ ತೆಗೆದರೆ?’ ಅಂತ ಒಬ್ಬಳು ಕೇಳಿದಳು. ತಾತ ಶರ್ಟಿನ ತೋಳು ಮಡಚಿ ಸುಟ್ಟ ಕಲೆ ತೋರಿಸಿದರು. ನಮ್ಮ ವಿಜ್ಞಾನದ ಮೇಷ್ಟ್ರು ಆ ಪಾಠವನ್ನು ಮತ್ತೆ ಮಾಡಲು ಹೋಗಲಿಲ್ಲ.

ಸ್ಟಾಫ್ ರೂಮಿನ ಹೊರಗೋಡೆಯ ಮೇಲೆ ರೈಟ್ ಸಹೋದರರ ಚಿತ್ರ ಇದೆ, ನೋಡಿರುತ್ತೀರಿ. ಅದರ ಪಕ್ಕ ಯಾವುದೋ ಪತ್ರಿಕೆಯಿಂದ ಕತ್ತರಿಸಿ ಅಂಟಿಸಿದ ಇನ್ನೊಂದು ಮುಖ ಇದೆ. ಅದು ತಾತನ ಕೆಲಸ. ಅವನು ಚಾರ್ಲಿ ಟೇಲರ್, ರೈಟ್ ಸಹೋದರರ ಸೈಕಲ್ ಅಂಗಡಿಯ ಮೆಕ್ಯಾನಿಕ್. 1903ರಲ್ಲಿ ಹಾರಿದ ವಿಮಾನದ ಇಂಜಿನ್ ಮಾಡಿದವನು. ಸರಿಯಾದ ನಕ್ಷೆ ಕೂಡ ಇರಲಿಲ್ಲ, ಒರಟು ಗೆರೆಚಿತ್ರ ಇಟ್ಟುಕೊಂಡು ಸುಮಾರು ಆರು ವಾರದಲ್ಲಿ ಮುಗಿಸಿದ. 12 ಅಶ್ವಶಕ್ತಿ, ಅಷ್ಟೇ. ‘ಹಾರಿದವರ ಫೋಟೋ ಹಾಕಿದ್ದೀರಿ ಮೇಡಂ, ಇವನದ್ದು ಎಲ್ಲಿ?’ ಅಂತ ತಾತ ಕೇಳಿದ್ದರು. ನಾನು ನೋಡೋಣ ಅಂದೆ. ಅವರು ಕಾಯಲಿಲ್ಲ, ಅಂಟಿಸಿಯೇ ಬಿಟ್ಟರು.

ಸೈನ್ಯದಿಂದ ನಿವೃತ್ತರಾದ ಮೇಲೆ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಹಳೇ ಮೋಟಾರ್‌ಸೈಕಲ್‌ನಲ್ಲಿ ಬೆಟ್ಟದ ದಾರಿಗಳನ್ನು ಸುತ್ತಿದವರು ಅವರು. ನಕ್ಷೆ ಅಮ್ಮನ ಕೈಯಲ್ಲಿ, ಹ್ಯಾಂಡಲ್ ಇವರ ಕೈಯಲ್ಲಿ. ಒಮ್ಮೆ ನಡುದಾರಿಯಲ್ಲಿ ಕ್ಲಚ್ ವೈರ್ ತುಂಡಾಯಿತು, ಬದಲಿ ವೈರ್ ಇರಲಿಲ್ಲ. ಗಾಡಿಯನ್ನು ಇಳಿಜಾರಿಗೆ ಬಿಟ್ಟು ಸ್ಟಾರ್ಟ್ ಮಾಡಿ, ಇಂಜಿನ್ ಸದ್ದು ಕೇಳಿಕೊಂಡೇ ಗೇರ್ ಬದಲಾಯಿಸುತ್ತಾ ಮುಂದಿನ ಊರು ತಲುಪಿದರಂತೆ. ‘ನಿಲ್ಲಿಸಿದರೆ ಮತ್ತೆ ನಾನೇ ತಳ್ಳಬೇಕಲ್ಲ, ಅದಕ್ಕೆ ನಿಲ್ಲಿಸಬೇಡಿ ಅಂದೆ’ ಅಂತ ಅಮ್ಮ ಮೊನ್ನೆ, ಅಷ್ಟು ದುಃಖದಲ್ಲೂ, ನಕ್ಕರು.

ಈಗ ನಾನು ಒಪ್ಪಿಕೊಳ್ಳಬೇಕಾದ ವಿಷಯ. ಮೂರು ವರ್ಷದ ಹಿಂದೆ ಪರೀಕ್ಷೆಯ ದಿನ ಒಂದು ಬಸ್ಸು ಒಂದೂವರೆ ಗಂಟೆ ತಡವಾಗಿತ್ತು. ನಿಮ್ಮಲ್ಲಿ ಹಲವರು ನನಗೆ ಫೋನ್ ಮಾಡಿ ಚೆನ್ನಾಗಿ ಬೈದಿರಿ. ಆ ದಿನ ಏನಾಯಿತು ಅಂತ ನಾನು ನಿಮಗೆ ಪೂರ್ತಿ ಹೇಳಿರಲಿಲ್ಲ.

ಇಂಜಿನ್ ಆಫ್ ಮಾಡಿದ ಮೇಲೆ ಬ್ರೇಕಿನ ಗಾಳಿಯ ಒತ್ತಡ ತೋರಿಸುವ ಮುಳ್ಳು ಮೆಲ್ಲಗೆ ಇಳಿಯುತ್ತಿತ್ತು. ಎಲ್ಲೋ ಸೋರುತ್ತಿದೆ ಅಂತ ತಾತ ಬಸ್ಸು ಬಿಡಲಿಲ್ಲ. ನಾನು ಶೆಡ್ಡಿಗೆ ಹೋಗಿ ‘ಇವತ್ತೊಂದು ದಿನ ಬಿಡಿ, ಸಂಜೆ ನೋಡೋಣ’ ಅಂದೆ. ಅವರು ವಾದ ಮಾಡಲಿಲ್ಲ. ಜೇಬಿನಿಂದ ಕೀ ತೆಗೆದು ನನ್ನ ಕಡೆ ಚಾಚಿದರು. ‘ತಗೊಳ್ಳಿ ಮೇಡಂ. ಡ್ರೈವರ್‌ಗೆ ನೀವೇ ಕೊಡಿ.’

ನನ್ನ ಕೈ ಮೇಲೆ ಏಳಲಿಲ್ಲ.

ಬಸ್ಸಿನ ಅಡಿಯಲ್ಲಿ ಒಂದು ರಬ್ಬರ್ ಪೈಪು ಕಬ್ಬಿಣದ ಪಟ್ಟಿಗೆ ಉಜ್ಜಿ ಉಜ್ಜಿ ಸವೆದು ಹೋಗಿತ್ತು. ಬದಲಾಯಿಸಿದರು, ಬಸ್ಸು ಹೊರಟಿತು. ನಾನು ನಿಮಗೆ ‘ತಾಂತ್ರಿಕ ಕಾರಣ’ ಅಂತ ಮೆಸೇಜ್ ಹಾಕಿ ಕೈತೊಳೆದುಕೊಂಡೆ. ಬೈಗುಳ ಮಾತ್ರ ಅವರ ಪಾಲಿಗೂ ಬಂತು. ಆ ಪೈಪಿನ ತುಂಡು ನನ್ನ ಡ್ರಾಯರಿನಲ್ಲಿದೆ, ನೋಡಬೇಕು ಅನ್ನುವವರು ಬನ್ನಿ.

ಸೋಮವಾರ ಅವರ ಮನೆಗೆ ಹೋಗಿದ್ದೆ. ಮಗಳು ಅಪ್ಪನ ಟೂಲ್ ಬಾಕ್ಸ್ ತೆಗೆದು ತೋರಿಸಿದರು. ಸ್ಪ್ಯಾನರ್‌ಗಳ ಅಡಿಯಲ್ಲಿ ಒಂದು ತಗಡಿನ ಡಬ್ಬಿ, ಅದರೊಳಗೆ ಏಳೆಂಟು ದಾರದ ಸುರುಳಿಗಳು. ಅವರು ಗಡಿಯಲ್ಲಿದ್ದಾಗ ಅಮ್ಮ ಕಾಗದದ ಜೊತೆ ಮಗಳ ಎತ್ತರದ ಅಳತೆಗೆ ದಾರ ಕತ್ತರಿಸಿ ಕಳಿಸುತ್ತಿದ್ದರಂತೆ. ತಾತ ಅದನ್ನು ಲಾರಿಯ ಬಾಗಿಲಿಗೆ ಹಿಡಿದು, ಮಗಳು ಈಗ ಎಲ್ಲಿವರೆಗೆ ಬಂದಿದ್ದಾಳೆ ಅಂತ ಚಾಕ್‌ನಲ್ಲಿ ಗೆರೆ ಎಳೆಯುತ್ತಿದ್ದರಂತೆ. ಟೂಲ್ ಬಾಕ್ಸನ್ನು ಮನೆಯವರು ಶಾಲೆಗೇ ಕೊಟ್ಟಿದ್ದಾರೆ. ದಾರದ ಡಬ್ಬಿಯನ್ನು ನಾನೇ ಮಗಳ ಕೈಗೆ ವಾಪಸ್ ಇಟ್ಟು ಬಂದೆ.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಬಸ್ ಶೆಡ್ಡಿನ ಮುಂದೆ ಸೇರುತ್ತಿದ್ದೇವೆ. ಭಾಷಣ ಇಲ್ಲ. ಮಾತಾಡಬೇಕು ಅನ್ನಿಸಿದ ಮಕ್ಕಳು ಮಾತಾಡುತ್ತಾರೆ. ನೀವೂ ಬನ್ನಿ. ಬರಲು ಮನಸ್ಸಿಲ್ಲದ ಮಗುವನ್ನು ಒತ್ತಾಯ ಮಾಡಬೇಡಿ.

ಇನ್ನೊಂದು ವಿಷಯ. ಬಸ್ಸುಗಳನ್ನು ಈಗ ತಾತನ ಕೈಕೆಳಗೆ ಕೆಲಸ ಕಲಿತ ಹುಡುಗ ನೋಡಿಕೊಳ್ಳುತ್ತಾನೆ. ನಿನ್ನೆ ಅವನ ಮೊದಲ ದಿನ. ಪ್ರತಿ ಬಸ್ಸಿನ ಅಡಿಗೂ ಟಾರ್ಚ್ ಹಿಡಿದು ತೂರಿದ, ಇಪ್ಪತ್ತು ನಿಮಿಷ ತಡ ಆಯಿತು. ಈ ವಾರ ಪೂರ್ತಿ ಹೀಗೇ ಆಗಬಹುದು. ಬೈಯಬೇಕು ಅನ್ನಿಸಿದರೆ ನನಗೇ ಫೋನ್ ಮಾಡಿ. ಶೆಡ್ಡಿಗೆ ಹೋಗಿ ಅವನ ಹತ್ತಿರ ಕೀ ಕೇಳುವ ಕೆಲಸ ಮಾತ್ರ ನಾನು ಮಾಡುವುದಿಲ್ಲ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ